ನಿಮ್ಮ ವ್ಯಾಂಪೈರ್‌ಗೆ ತುಳು ಬರುವುದಿಲ್ಲವೇ?

ಪ್ರಿಯ ಲೇಖಕಿಯವರಿಗೆ,

ನೀವು ಕಳಿಸಿದ ವ್ಯಾಂಪೈರ್ ಪ್ರೇಮದ ಕಾದಂಬರಿಯನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ನಾವು ಪ್ರಕಟಿಸುವುದಿಲ್ಲ. ಇದನ್ನು ಕೊನೆಯ ಸಾಲಿಗೆ ಇಟ್ಟು ನಿಮ್ಮನ್ನು ಕಾಯಿಸುವುದು ಬೇಡ ಎಂದು ಮೊದಲೇ ಹೇಳಿಬಿಟ್ಟೆ. ಆದರೆ 340 ಪುಟವನ್ನು ಎರಡನೇ ಸಲ ಯಾರೂ ಸುಮ್ಮನೆ ಓದುವುದಿಲ್ಲ. ಮಂಗಳೂರಿನ ಸುಲ್ತಾನ್ ಬತ್ತೇರಿಯ ಕಡವಿನಲ್ಲಿ, ಅಂದರೆ ದೋಣಿ ಹತ್ತುವಲ್ಲಿ, ನಡೆಯುವ ಹದಿನಾಲ್ಕನೇ ಅಧ್ಯಾಯ ನನ್ನನ್ನು ಮತ್ತೆ ಕೂರಿಸಿತು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲ ಪುಟದಲ್ಲಿ ನಿಮ್ಮ ನಾಯಕಿ ಅದ್ವಿಕಾ ಕಪ್ಪು ಚರ್ಮದ ಜಾಕೆಟ್ ತೊಟ್ಟು, ಬುಲೆಟ್ ಏರಿ ಹಂಪನಕಟ್ಟೆ ಸಿಗ್ನಲ್ಲಿನಲ್ಲಿ ನಿಂತಿದ್ದಾಳೆ. ತಿಂಗಳು ಏಪ್ರಿಲ್. ಮಾರಾಯ್ರೆ, ಏಪ್ರಿಲಿನಲ್ಲಿ ಇಲ್ಲಿ ಹತ್ತಿಯ ಅಂಗಿಯೇ ಬೆನ್ನಿಗೆ ಅಂಟಿಕೊಳ್ಳುತ್ತದೆ! ಜಾಕೆಟ್ ಸಣ್ಣ ವಿಷಯ ಎನ್ನಬಹುದು ನೀವು. ಆದರೆ ಹುಡುಗಿಯೂ ಅವಳ ವ್ಯಾಂಪೈರೂ ಬೇರೆ ಯಾವುದೋ ಊರಿನಲ್ಲಿ ವೇಷ ಕಟ್ಟಿಕೊಂಡು ಬಂದ ಹಾಗಿದ್ದಾರೆ. ಮಂಗಳೂರು ಅವರ ಹಿಂದೆ ಪರದೆಯಂತೆ ತೂಗುತ್ತಿದೆ, ಅಷ್ಟೆ.

ನಿಮ್ಮ ವ್ಯಾಂಪೈರ್ ವಿಕ್ಟರನನ್ನೇ ನೋಡಿ. ಪೋರ್ಚುಗೀಸರ ಹಡಗಿನಲ್ಲಿ ಬಂದು 300 ವರ್ಷದಿಂದ ಇಲ್ಲೇ ಇದ್ದಾನೆ ಎಂದು ನೀವೇ ಬರೆದಿದ್ದೀರಿ. ಹಾಗಾದರೆ 1784ರಲ್ಲಿ ಟಿಪ್ಪುವೂ ಈಸ್ಟ್ ಇಂಡಿಯಾ ಕಂಪನಿಯವರೂ ಇಲ್ಲಿ ಒಪ್ಪಂದಕ್ಕೆ ಸಹಿ ಹಾಕಿದಾಗ ಅವನಿದ್ದ. 1837ರಲ್ಲಿ ಸುಳ್ಯದ ಕಡೆಯ ದಂಗೆಯವರು ಇಳಿದು ಬಂದು ಊರನ್ನೇ ಕೆಲವು ದಿನ ಹಿಡಿದಿಟ್ಟುಕೊಂಡಾಗಲೂ ಇದ್ದ. 1865ರಲ್ಲಿ ಬಾಸೆಲ್ ಮಿಶನ್ನಿನವರು ಹಂಚಿನ ಕಾರ್ಖಾನೆ ತೆರೆದಾಗ ಅದರ ಹೊಗೆ ಕಂಡವನು. ಇಷ್ಟೆಲ್ಲ ಕಂಡವನ ಬಾಯಲ್ಲಿ ಬರುವ ಮಾತು ‘ನಿನ್ನ ಕಣ್ಣುಗಳಲ್ಲಿ ಶತಮಾನಗಳಿವೆ’ ಎಂಬುದೊಂದೇ! ಅದೂ ಬೆಂಗಳೂರಿನ ಧಾರಾವಾಹಿ ಕನ್ನಡದಲ್ಲಿ. 300 ವರ್ಷ ಕುಡ್ಲದಲ್ಲಿ (ತುಳುವಿನಲ್ಲಿ ಮಂಗಳೂರು) ಕಳೆದವನ ತುಳು ಅದ್ವಿಕಾಳ ತುಳುವಿಗಿಂತ ಚೆನ್ನಾಗಿರಬೇಕು. ಅವಳು ಇಂಗ್ಲಿಷ್ ಬೆರೆಸಿದಾಗ ಅವನು ತಿದ್ದಬೇಕು, ಅವಳಿಗೆ ರೇಗಬೇಕು. ಅವರಿಬ್ಬರ ಪ್ರೀತಿ ಅಲ್ಲಿಂದ ಶುರುವಾಗಿದ್ದರೆ ನಾನು ನಂಬುತ್ತಿದ್ದೆ.

ಇನ್ನು ಬಿಸಿಲು ಬಿದ್ದರೆ ಬೂದಿಯಾಗುವ ನಿಯಮ. ಅದೇನು ಅನಾದಿಯದಲ್ಲ. 1897ರ ‘ಡ್ರಾಕುಲಾ’ ಕಾದಂಬರಿಯಲ್ಲಿ ಆ ವ್ಯಾಂಪೈರ್ ಹಾಡಹಗಲೇ ಲಂಡನ್ನಿನ ಬೀದಿಯಲ್ಲಿ ಕಾಣಿಸಿಕೊಳ್ಳುತ್ತಾನೆ. ಹಗಲಲ್ಲಿ ಅವನ ಶಕ್ತಿ ಕುಂದುತ್ತದೆ, ಸಾಯುವುದಿಲ್ಲ. ಬೆಳಕಿಗೆ ಕರಗಿ ಹೋಗುವುದು 1922ರ ಜರ್ಮನ್ ಮೂಕಿ ಚಿತ್ರದಿಂದ ಬಂದದ್ದು. ಹಾಗಾಗಿ ನಿಯಮ ತಿರುಚಲು ಹೆದರಬೇಡಿ. ಇಟ್ಟುಕೊಳ್ಳುವುದಾದರೂ ನಮ್ಮ ಆಕಾಶ ನೋಡಿ ಇಟ್ಟುಕೊಳ್ಳಿ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರು. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಸೂರ್ಯನ ಮುಖ ಕಾಣುವುದೇ ಅಪರೂಪ. ಆಗ ನಿಮ್ಮ ವಿಕ್ಟರ್ ಕೊಡೆ ಹಿಡಿದು ಮಧ್ಯಾಹ್ನವೇ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಬಹುದು. ಮಳೆಗಾಲ ಅದ್ವಿಕಾಳ ಪಾಲಿಗೆ ಭಯದ ಕಾಲ ಆಗಬೇಕಿತ್ತು. ಇಡೀ ಹಸ್ತಪ್ರತಿಯಲ್ಲಿ ಒಂದು ಹನಿ ಮಳೆ ಇಲ್ಲ. (ಬೆಳ್ಳುಳ್ಳಿಗೆ ಅಷ್ಟು ಹೆದರುವವನು ಉಡುಪಿಯ ರಥಬೀದಿಯಲ್ಲಿ ಬಿಡಾರ ಹೂಡಲಿ, ಮಠದ ಅಡುಗೆಗೆ ಅದನ್ನು ಹಾಕುವುದಿಲ್ಲ.)

ಕರೆಯದೆ ಹೊಸ್ತಿಲು ದಾಟಲಾರ ಎಂಬ ನಿಯಮವನ್ನೂ ತಂದಿದ್ದೀರಿ. ಒಳ್ಳೆಯದೇ. ಆದರೆ ನಮ್ಮಲ್ಲಿ ಅಂಗಳಕ್ಕೆ ಯಾರು ಕಾಲಿಟ್ಟರೂ ಮನೆಯವರು ‘ಬನ್ನಿ ಬನ್ನಿ, ಬಾಯಾರಿಕೆಗೆ ಎಂತ ಬೇಕು?’ ಎಂದು ಕೇಳಿಬಿಡುತ್ತಾರಲ್ಲ! ನೀರು ಬೆಲ್ಲದ ತಟ್ಟೆ ಹಿಡಿದ ಅದ್ವಿಕಾಳ ಅಜ್ಜಿ ಆ ಮಾತನ್ನು ವಿಕ್ಟರನಿಗೆ ಹೇಳುವುದನ್ನು ಕಲ್ಪಿಸಿಕೊಂಡು ನಾನು ಓದುವುದನ್ನು ನಿಲ್ಲಿಸಿದೆ. ನಿಮ್ಮ ಪುಸ್ತಕದಲ್ಲಿ ಅಜ್ಜಿಯೇ ಇಲ್ಲ. ಅಮ್ಮನೂ ಇಲ್ಲ. ರಾತ್ರಿ ಎರಡು ಗಂಟೆಗೆ ಹೊರಟ ಹುಡುಗಿಯನ್ನು ‘ಎಲ್ಲಿಗೆ?’ ಎಂದು ಕೇಳುವ ಒಬ್ಬ ನೆರೆಯವನೂ ಇಲ್ಲ. ಅಂಥ ಬೀದಿ ಮಂಗಳೂರಿನಲ್ಲಿ ಎಲ್ಲಿದೆ?

ಗಟ್ಟಿಗಿತ್ತಿ ಎಂದು ನೀವು ತೋರಿಸುವ ಅದ್ವಿಕಾಳ ವಿಷಯದಲ್ಲಿ ನನಗೆ ನಿಜವಾಗಿ ಬೇಸರವಾಯಿತು. ಎರಡನೇ ಅಧ್ಯಾಯದಲ್ಲಿ ಬಂದರಿನಲ್ಲಿ ಐದು ಗಂಡಸರನ್ನು ಮಲಗಿಸುವವಳು ಒಂಬತ್ತನೆಯದರಲ್ಲಿ ಅವನ ತೋಳಿನಲ್ಲಿ ಮೂರ್ಛೆ ಹೋಗುತ್ತಾಳೆ. ಅವನು ಅವಳು ಮಲಗಿದ್ದಾಗ ಕೋಣೆಗೆ ಬರುತ್ತಾನೆ, ಅವಳ ನೆನಪು ಅಳಿಸುತ್ತಾನೆ, ಅವಳು ಯಾರ ಜೊತೆ ಮಾತಾಡಬೇಕು ಎಂದು ಅಪ್ಪಣೆ ಕೊಡುತ್ತಾನೆ. ನೀವು ಇದಕ್ಕೆ ಪ್ರೀತಿ ಎಂದು ಹೆಸರಿಟ್ಟಿದ್ದೀರಿ. ಓದುವಾಗ ನನಗೆ ಮೈ ಉರಿಯಿತು. ಅವಳಿಗೂ ಉರಿಯಬೇಡವೇ? ನಮ್ಮ ಯಕ್ಷಗಾನದಲ್ಲಿ ಕಸೆ ಸ್ತ್ರೀವೇಷ ಎಂದೇ ಒಂದಿದೆ, ವೀರ ಹೆಣ್ಣಿನ ವೇಷ. ಪ್ರಮೀಳೆ ಅರ್ಜುನನ ಯಾಗದ ಕುದುರೆ ಕಟ್ಟಿಹಾಕುತ್ತಾಳೆ, ಮಾತಿಗೆ ಮಾತು, ಬಾಣಕ್ಕೆ ಬಾಣ ಕೊಡುತ್ತಾಳೆ. ಕಡೆಗೆ ಆಗುವುದು ಮದುವೆಯೇ. ಆದರೆ ಅವಳ ಗತ್ತು ಕೊನೆಯ ಪದದವರೆಗೂ ಇಳಿಯುವುದಿಲ್ಲ. ಈ ಸಲ ಮೇಳ ಹೊರಟಾಗ ಒಂದು ರಾತ್ರಿ ಕೂತು ನೋಡಿ, ನಿದ್ದೆ ಕೆಡಲಿ.

ಕ್ಲೈಮ್ಯಾಕ್ಸಿನಲ್ಲಿ ದೈವ ಬಂದು ವಿಕ್ಟರನ ಶತ್ರುಗಳನ್ನು ಮುಗಿಸುವುದನ್ನು ದಯವಿಟ್ಟು ತೆಗೆಯಿರಿ. ದೈವಕ್ಕೆ ನೇಮವಿದೆ, ನುಡಿಯಿದೆ, ನಂಬಿದ ಕುಟುಂಬಗಳಿವೆ. ನಿಮ್ಮ ಕಥೆ ಸಿಕ್ಕಿಕೊಂಡಾಗ ಬಿಡಿಸಲು ಕರೆಯುವುದಲ್ಲ. ಸತ್ತವರ ಪ್ರೇಮವೇ ಬೇಕಿದ್ದರೆ ಕುಲೆಗಳ ಮದುವೆ ನಮ್ಮಲ್ಲೇ ಇದೆಯಲ್ಲ. ಮದುವೆಯಾಗದೆ ತೀರಿಕೊಂಡ ಹುಡುಗನಿಗೆ ತೀರಿಕೊಂಡ ಹುಡುಗಿಯನ್ನೇ ಹುಡುಕಿ, ಆಟಿಯಲ್ಲಿ ಎರಡೂ ಮನೆಯವರು ಸೇರಿ ಮದುವೆ ಮಾಡುತ್ತಾರೆ. 300 ವರ್ಷದ ಬ್ರಹ್ಮಚಾರಿ ಅದನ್ನು ಮರೆಯಲ್ಲಿ ನಿಂತು ನೋಡಿದರೆ ಏನನಿಸಬಹುದು?

ಈಗ ಕಡವಿನ ಅಧ್ಯಾಯ. ಅದ್ವಿಕಾ ದೋಣಿಯಲ್ಲಿ ಕೂತಿದ್ದಾಳೆ, ವಿಕ್ಟರ್ ದಡದಲ್ಲಿ ನಿಂತಿದ್ದಾನೆ, ನೀರು ಇಳಿಯುತ್ತಿದೆ, ಅವನು ಹತ್ತುವುದಿಲ್ಲ. ಯಾಕೆಂದು ನೀವು ಹೇಳಿಲ್ಲ, ಬಹುಶಃ ನಿಮಗೂ ಗೊತ್ತಿಲ್ಲ. ‘ಡ್ರಾಕುಲಾ’ದಲ್ಲೇ ಒಂದು ಮಾತಿದೆ: ಹರಿಯುವ ನೀರನ್ನು ಅವನು ದಾಟುವುದು ಭರತ (ಕಡಲಿನ ಉಬ್ಬರ) ತುಂಬಿದಾಗ ಅಥವಾ ನೀರು ನಿಂತಾಗ ಮಾತ್ರ. ಒಂದು ಕಡೆ ನೇತ್ರಾವತಿ, ಇನ್ನೊಂದು ಕಡೆ ಫಲ್ಗುಣಿ, ಎದುರಿಗೆ ಕಡಲು ಇರುವ ಊರಿನಲ್ಲಿ ಇದು ಎಂಥ ಸೆರೆಮನೆ ನೋಡಿ! ಭರತ ಇಳಿತದ ಲೆಕ್ಕ ಬಾಯಿಪಾಠ ಇರುವ ಹುಡುಗಿಗೆ ಬುಲೆಟ್ಟೂ ಬೇಡ, ಜಾಕೆಟ್ಟೂ ಬೇಡ. ಹೊಳೆಯಾಚೆಯ ಬೆಂಗ್ರೆಯ ದೋಣಿಯವರ ಮಗಳಾಗಲಿ ಅವಳು. ಮೊದಲ ಹದಿಮೂರು ಅಧ್ಯಾಯ ಬಿಟ್ಟು ಇಲ್ಲಿಂದಲೇ ಶುರು ಮಾಡಿ, ಮೂರು ಅಧ್ಯಾಯ ಬರೆದು ಕಳಿಸಿ. ಅವಸರ ಇಲ್ಲ, ಒಂದು ಮಳೆಗಾಲ ಕಳೆಯಲಿ.

ಮತ್ತೆ, 212ನೇ ಪುಟದಲ್ಲಿ ಆ ದೋಣಿ ಹೊರಡುವುದು ಮಧ್ಯರಾತ್ರಿ ಕಳೆದ ಮೇಲೆ. ಆ ಹೊತ್ತಿಗೆ ಹುಟ್ಟು ಹಾಕುತ್ತಿರುವುದು ಯಾರು?