ಪುಸ್ತಕ ಕಿತ್ತುಕೊಳ್ಳುವ ಮೊದಲು ಮಗುವನ್ನು ಕೇಳಿ

"ಇಂಥ ಪುಸ್ತಕ ಶಾಲೆಯ ಲೈಬ್ರರಿಯಲ್ಲಿ ಹೇಗೆ ಬಂತು?" ಎಂದು ಸಿಟ್ಟಿನಲ್ಲಿ ನನ್ನ ಬಳಿ ಕೌನ್ಸೆಲಿಂಗ್‌ಗೆ ಬರುವ ಅಪ್ಪ ಅಮ್ಮಂದಿರು ಈಗೀಗ ಜಾಸ್ತಿಯಾಗಿದ್ದಾರೆ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಉಡುಪಿ ಕಡೆಯ ಕುಟುಂಬ. ಮಗಳು ಒಂಬತ್ತನೇ ತರಗತಿ. ಅವಳ ಬ್ಯಾಗಿನಲ್ಲಿದ್ದ ಕಾದಂಬರಿಯ ಒಂದು ಪುಟವನ್ನು ಅಪ್ಪ ಮೊಬೈಲಿನಲ್ಲಿ ಫೋಟೊ ತೆಗೆದು, ನಾಲ್ಕು ಸಾಲಿಗೆ ಕೆಂಪು ಗೆರೆ ಎಳೆದಿದ್ದರು. ಸಂಬಂಧಿಕನೊಬ್ಬ ಹುಡುಗಿಗೆ ಕಿರುಕುಳ ಕೊಡುವ ಭಾಗ ಅದು. "ಅಮೆರಿಕದಲ್ಲೇ ಇಂಥದ್ದನ್ನು ತೆಗೆಸ್ತಾ ಇದ್ದಾರೆ, ವಿಡಿಯೋ ಉಂಟು ಮೇಡಂ" ಎಂದರು.

ಅವರನ್ನು ಹೊರಗೆ ಕೂರಿಸಿದೆ. ಮಗಳು ತುಂಬಾ ಹೊತ್ತು ಶಾಲಿನ ತುದಿ ಬೆರಳಿಗೆ ಸುತ್ತುತ್ತಾ ಕೂತಿದ್ದಳು. ಪುಟದ ಸುದ್ದಿಯೇ ಎತ್ತದೆ, ಕಥೆ ಹೇಗಿತ್ತು ಎಂದು ಮಾತ್ರ ಕೇಳಿದೆ.

"ಮುಗಿದಿಲ್ಲ. ಅಪ್ಪ ಕಿತ್ಕೊಂಡ್ರು. ಆ ಹುಡುಗಿ ಅಮ್ಮನಿಗೆ ಹೇಳ್ತಾಳಾ ಇಲ್ವಾ ಅಂತ ಗೊತ್ತಾಗ್ಬೇಕಿತ್ತು."

"ಹೇಳಿದ್ರೆ ಅಮ್ಮ ಬೈತಾರೆ ಅಂತ ಅನ್ನಿಸ್ತದಾ ನಿಂಗೆ?"

ಆಗ ಅತ್ತಳು. ಟ್ಯೂಷನ್ ಮುಗಿಸಿ ಬರುವ ಬಸ್ಸಿನಲ್ಲಿ ಒಬ್ಬ ಗಂಡಸು. ರಶ್ಶಿನಲ್ಲಿ ಹಿಂದೆ ಬಂದು ನಿಲ್ಲುತ್ತಿದ್ದ. ಮನೆಯಲ್ಲಿ ಹೇಳಿದರೆ ಟ್ಯೂಷನ್ನೇ ಬಿಡಿಸುತ್ತಾರೆ ಎಂಬ ಹೆದರಿಕೆ.

ಅಪ್ಪ ಅಮ್ಮನಿಗೆ ಹೇಳಿದೆ: ಮೊದಲು ಮಗಳು, ಪುಸ್ತಕ ಆಮೇಲೆ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ನಾನೂ ಸೇರಿ. "ಹೆಸರು ಹೊರಗೆ ಬರ್ತದೆ" ಎಂದು ಅಮ್ಮ ಹೆದರಿದರು. ಮಗುವಿನ ಗುರುತು ಮಾಧ್ಯಮದಲ್ಲಿ ಬರುವಂತಿಲ್ಲ, ಹೇಳಿಕೆಯನ್ನು ಮನೆಯಲ್ಲೇ ಪಡೆಯಬಹುದು, ಬರುವ ಪೊಲೀಸರು ಯೂನಿಫಾರ್ಮ್ ಹಾಕಿರಬಾರದು ಎಂದು ವಿವರಿಸಿದ ಮೇಲೆ ಒಪ್ಪಿದರು.

ಆಮೇಲೆ ಪುಸ್ತಕದ ಮಾತು. ಚಿಕ್ಕ ತರಗತಿಯ ಮಕ್ಕಳ ಕೈಗೆ ಅದು ಸಿಗಬಾರದು ಎಂಬ ಅಪ್ಪನ ಮಾತು ನನಗೂ ಒಪ್ಪಿಗೆ. ದೊಡ್ಡ ತರಗತಿಗಳಿಗೆ ಬೇರೆ ಕಪಾಟು ಇರಲಿ, ಟೀಚರ್ ಓದಿ ನೋಡಿ ಕೊಡಲಿ. ಆದರೆ ತೆಗೆಸಬೇಡಿ ಎಂದೆ. ಅಮೆರಿಕದಲ್ಲೂ ಈ ಜಗಳ ಇತ್ಯರ್ಥವಾಗಿಲ್ಲ. ಲೈಬ್ರರಿಯಿಂದ ಪುಸ್ತಕ ತೆಗೆಸಿದ ನ್ಯೂಯಾರ್ಕಿನ ಒಂದು ಶಾಲಾ ಮಂಡಳಿಯ ಕೇಸು 1982ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್‌ವರೆಗೆ ಹೋದಾಗ ನ್ಯಾಯಮೂರ್ತಿಗಳಲ್ಲೇ ಒಮ್ಮತ ಇರಲಿಲ್ಲ.

ನಾನು ಶಾಲೆಯ ಪರ ವಹಿಸಿದೆ ಎಂದು ಕೆಲವರಿಗೆ ಬೇಸರ ಉಂಟು. ಇರಲಿ. ಮೊಬೈಲಿನಲ್ಲಿ ಇದಕ್ಕಿಂತ ಕೆಟ್ಟದ್ದು ಮಕ್ಕಳಿಗೆ ಸಿಗುತ್ತದೆ, ಅಲ್ವಾ? ಅಲ್ಲಿ ತಪ್ಪನ್ನು ತಪ್ಪು ಅಂತ ಹೇಳುವವರೇ ಇಲ್ಲ. ಈ ಕಾದಂಬರಿ ಹೇಳಿತ್ತು. ತನಗಾದದ್ದನ್ನು ಹೇಳಲು ಆ ಮಗುವಿಗೆ ಬೇರೆ ದಾರಿ ಸಿಕ್ಕಿರಲಿಲ್ಲ.

ಅಪ್ಪ ಶಾಲೆಗೆ ಪತ್ರ ಕೊಟ್ಟರು, ಬೇರೆ ಕಪಾಟು ಮಾಡಿ ಎಂದು. ಕಾದಂಬರಿಯನ್ನು ಈಗ ಅಮ್ಮ ಓದುತ್ತಿದ್ದಾರೆ.