ಇಸ್ತಾಂಬುಲ್‌ಗೆ ಎರಡನೇ ಸಲ ಹೋಗೋದಾದ್ರೆ

ಹಾಗಿಯಾ ಸೋಫಿಯಾ, ಟೋಪ್ಕಾಪಿ ಅರಮನೆ, ಬ್ಲೂ ಮಾಸ್ಕ್ (ನೀಲಿ ಮಸೀದಿ) ಎಲ್ಲಾ ಹೋದ ಸಲಾನೇ ನೋಡಾಗಿದೆ, ಈಗ ನಾಲ್ಕು ದಿನ ಸಿಕ್ಕಿದೆ, ಮತ್ತೆ ಇಸ್ತಾಂಬುಲ್‌ಗೇ ಹೋಗೋದು ವೇಸ್ಟಾ ಅಂತ ಕೇಳಿದೀರಲ್ಲ, ಖಂಡಿತ ಅಲ್ಲ, ಕಣ್ಣು ಮುಚ್ಕೊಂಡು ಹೋಗಿ.

ಈ ಸಲ ಇವೆಲ್ಲ ಇರೋ ಸುಲ್ತಾನಹ್ಮೆತ್ ಕಡೆ ರೂಮ್ ಮಾಡ್ಬೇಡಿ, ಏಷ್ಯಾ ದಡದ ಕಾಡಿಕೋಯ್‌ನಲ್ಲಿ ಮಾಡಿ. ಎದುರು ದಡದ, ಹಳೇ ಊರಿನ ಎಮಿನೋನುಗೆ ಫೆರಿಯಲ್ಲಿ ಹೆಚ್ಚುಕಮ್ಮಿ 20 ನಿಮಿಷ, ಇಸ್ತಾಂಬುಲ್‌ಕಾರ್ಟ್ ಅನ್ನೋ ಪ್ರಯಾಣದ ಕಾರ್ಡ್ ಇದ್ರೆ ಸಾಕು. ಕಾಡಿಕೋಯ್‌ಗೆ ವಾಪಸ್ ಬರೋವಾಗ ಬಲಗಡೆ ಕೂತ್ಕೊಳ್ಳಿ, ಹೋದ ಸಲ ಕ್ಯೂ ನಿಂತು ಒಳಗಿಂದ ನೋಡಿದ ಗುಮ್ಮಟಗಳೆಲ್ಲ ನೀರಿನ ಮೇಲಿಂದ ಸಾಲಾಗಿ ಕಾಣ್ಸುತ್ತೆ, ಊರು ಹೇಗೆ ಕೂತಿದೆ ಅನ್ನೋದು ಆವಾಗ್ಲೇ ಗೊತ್ತಾಗೋದು.

ಒಂದಿಡೀ ಬೆಳಿಗ್ಗೆ ಕಾರಿಯೆಗೆ ಇಡಿ, ಹಳೇ ಖೋರಾ ಚರ್ಚ್. ಮ್ಯೂಸಿಯಂ ಆಗಿದ್ದು 2024ರಲ್ಲಿ ಮಸೀದಿಯಾಗಿ ತೆರೀತು, ವಿದೇಶಿಯರಿಗೆ ಟಿಕೆಟ್ ಇದೆ. 14ನೇ ಶತಮಾನದ ಮೊಸಾಯಿಕ್‌ಗಳು ಅಲ್ಲಿವೆ, ಒಂದ್ರಲ್ಲಿ ಕಟ್ಟಡಕ್ಕೆ ದುಡ್ಡು ಹಾಕಿದ ಆಗಿನ ಮಂತ್ರಿ ಮೆಟೋಕೈಟೀಸ್ ದೊಡ್ಡ ಪೇಟದಂಥ ಟೋಪಿ ಹಾಕ್ಕೊಂಡು ಮಂಡಿಯೂರಿ ಕ್ರಿಸ್ತನಿಗೆ ಚರ್ಚಿನ ಪುಟಾಣಿ ಮಾಡೆಲ್ ಒಪ್ಪಿಸ್ತಿದಾನೆ, ಬಾಗಿಲ ಮೇಲೇ ಇದೆ, ತಲೆ ಎತ್ತಿ ನೋಡಿ. ಪಕ್ಕದ ಭಾಗದಲ್ಲಿ ಕ್ರಿಸ್ತ ಆದಾಮ ಈವರ ಮಣಿಕಟ್ಟು ಹಿಡಿದು ಗೋರಿಯಿಂದ ಎಳೀತಿರೋ ಭಿತ್ತಿಚಿತ್ರ, ನನ್ ಪ್ರಕಾರ ಊರಲ್ಲೇ ಬೆಸ್ಟ್ ಅದು. ಅಲ್ಲಿಂದ ಇಳಿಜಾರಲ್ಲಿ ಬಾಲಾತ್, ಫೆನೆರ್ ಅನ್ನೋ ಹಳೇ ಬಡಾವಣೆಗಳ ಕಡೆ ನಡ್ಕೊಂಡೇ ಇಳೀಬಹುದು, ಶೂ ಚೆನ್ನಾಗಿರ್ಲಿ.

ಸಂಜೆ 1557ರ ಸುಲೇಮಾನಿಯೆ ಮಸೀದಿ. ಗ್ರ್ಯಾಂಡ್ ಬಜಾರ್‌ಗೆ ಮತ್ತೆ ಹೋಗ್ಲೇಬೇಕು ಅಂದ್ರೆ ಭಾನುವಾರ ಬಿಟ್ಟು ಹೋಗಿ, ಅವತ್ತು ಬಂದ್.