ಇಪ್ಪತ್ತು ರೊಟ್ಟಿ ಬಡಿದು ಒಂದೂ ತಿನ್ನದ ಅವ್ವ

ದಾವಣಗೆರೆಯ 54 ವರ್ಷದ ಗೃಹಿಣಿ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಎಂಟು ವರ್ಷದಿಂದ ಸಕ್ಕರೆ ಕಾಯಿಲೆ. ಊಟದ ಸಲಹೆಗೆ ನನ್ನ ಹತ್ತಿರ ಕರೆದುಕೊಂಡು ಬಂದವರು ಗಂಡ. "ಊಟ ಬಿಟ್ಟಾಳ್ರೀ, ಮಾತೂ ಬಿಟ್ಟಾಳ" ಅಂದರು.

ಧಾನ್ಯ ಮನುಷ್ಯರ ಆಹಾರವೇ ಅಲ್ಲ ಅನ್ನುವ ವಿಡಿಯೋವನ್ನು ಬೆಂಗಳೂರಿನ ಮಗ ಕಳಿಸಿದ್ದ. ಎರಡು ತಿಂಗಳಿಂದ ತಾಯಿ ರೊಟ್ಟಿ, ಅನ್ನ, ಮುದ್ದೆ ಮುಟ್ಟಿರಲಿಲ್ಲ. ಮಗ ಮೊಟ್ಟೆ, ಕೋಳಿ ತಿನ್ನುತ್ತಾನೆ. ಈಕೆ ಸಸ್ಯಾಹಾರಿ. ತಟ್ಟೆಯಲ್ಲಿ ಉಳಿದದ್ದು ಸೌತೆಕಾಯಿ, ಮಜ್ಜಿಗೆ, ಒಂದಿಷ್ಟು ಪಲ್ಯ. ಆದರೂ ಮನೆಯವರಿಗೆ ದಿನಾ 20 ಜೋಳದ ರೊಟ್ಟಿ ಬಡಿಯುತ್ತಿದ್ದರು. ಮಾತಾಡುವಾಗ ಉಗುರಿನ ಸಂದಿಯ ಒಣಹಿಟ್ಟು ಕೆರೆಯುತ್ತಲೇ ಇದ್ದರು. "ಹಂಚಿನ ಮುಂದೆ ಕೂತ್ರೆ ಕಣ್ಣಾಗ ನೀರು ಬರ್ತಾವ್ರೀ. ಮಗ ಅಷ್ಟು ಕಾಳಜಿ ಮಾಡ್ತಾನ, ಬ್ಯಾಡ ಅನ್ನಾಕ ಮನಸಾಗ್ಲಿಲ್ಲ."

ಸಂಜೆ ಕೈ ನಡುಗುತ್ತೆ, ಬೆವರುತ್ತೆ ಅಂದರು. ನನಗೆ ಗಾಬರಿಯಾದದ್ದು ಇಲ್ಲಿ. ಊಟ ಬದಲಾಗಿತ್ತು, ಮಾತ್ರೆ ಬದಲಾಗಿರಲಿಲ್ಲ. ಊಟ ಕಮ್ಮಿಯಾದರೆ ಕೆಲವು ಮಾತ್ರೆಗಳು ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸುತ್ತವೆ. ಬೇರೆ ಮಾತು ಆಮೇಲೆ, ಇವತ್ತೇ ವೈದ್ಯರನ್ನು ಕಾಣಿ ಅಂದೆ. ನಡುಕ ಬಂದರೆ ತಕ್ಷಣ ಸಕ್ಕರೆ ನೀರು ಕುಡಿಯಿರಿ, ಆಗ ಪಥ್ಯ ನೋಡಬೇಡಿ ಅಂತಲೂ ಹೇಳಿದೆ.

ಎರಡನೇ ಭೇಟಿಗೆ ಮಗನೂ ಬಂದಿದ್ದ. ಧಾನ್ಯ ಬೇಕಿಲ್ಲ ಅಂತ ಅವನು ಹೇಳಿದ್ದರಲ್ಲಿ ಅರ್ಧ ನಿಜ, ಅದನ್ನು ಒಪ್ಪಿದೆ. ಧಾನ್ಯದಲ್ಲಿ ಮಾತ್ರ ಸಿಗುವಂಥ ಪೋಷಕಾಂಶ ಯಾವುದೂ ಇಲ್ಲ. ಮೆದುಳಿಗೆ ಬೇಕಾದ ಗ್ಲೂಕೋಸನ್ನು ಲಿವರ್ ಪ್ರೋಟೀನಿನಿಂದಲೂ ಮಾಡಿಕೊಳ್ಳುತ್ತೆ. ನಮ್ಮ ಊಟದಲ್ಲಿ ಅನ್ನ ಜಾಸ್ತಿ, ಕಾಳು ಕಮ್ಮಿ ಅನ್ನೋದೂ ಸರಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯಲ್ಲಿ ಧಾನ್ಯದ ಪಾಲು ದಿನದ ಕ್ಯಾಲೊರಿಯಲ್ಲಿ ಸುಮಾರು ಶೇ. 45 ಅಷ್ಟೇ. ಆದರೆ ತೆಗೆದ ಜಾಗಕ್ಕೆ ಏನು ಹಾಕಿದಿರಿ? ಅದನ್ನು ಅವನು ಯೋಚಿಸಿರಲಿಲ್ಲ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ಈ ವಯಸ್ಸಿನ ಮೂಳೆಗೆ ಅಷ್ಟನ್ನು ಸೌತೆಕಾಯಿ ಕೊಡಲ್ಲ.

ಮೂರು ರೊಟ್ಟಿ ತಿನ್ನುತ್ತಿದ್ದಲ್ಲಿ ಒಂದು ತಿನ್ನಿ ಅಂದೆ. ಜೊತೆಗೆ ರೊಟ್ಟಿಗಿಂತ ಜಾಸ್ತಿ ಹೆಸರುಕಾಳು ಪಲ್ಯ, ಮೆಂತ್ಯ ಸೊಪ್ಪು, ಶೇಂಗಾ ಚಟ್ನಿ, ಗಟ್ಟಿ ಮೊಸರು. ಸಂಜೆಯ ಮಂಡಕ್ಕಿ ಬೇಡ, ಅದು ಸಕ್ಕರೆಯನ್ನು ಬೇಗ ಏರಿಸುತ್ತೆ. ಮಗನಿಗೆ, ವಿಡಿಯೋ ಕಳಿಸುವ ಮೊದಲು ಅವ್ವ ಏನು ಉಂಡರು ಅಂತ ಕೇಳಿ ಅಂದೆ.

ಮೂರು ವಾರ ಬಿಟ್ಟು ಬಂದಾಗ ನಡುಕ ನಿಂತಿತ್ತು. ವೈದ್ಯರು ಮಾತ್ರೆ ಕಡಿಮೆ ಮಾಡಿದ್ದರು. ಬೆಳಗಿನ ಸಕ್ಕರೆ ಇನ್ನೂ ಜಾಸ್ತಿಯೇ ಇದೆ. ರಾತ್ರಿಯ ಊಟದ ಬಗ್ಗೆ ಮುಂದಿನ ಸಲ ಮಾತಾಡಬೇಕು.